ಅಪ್‌ಡೇಟ್: ಕ್ಯಾಂಪಿಂಗ್ ಅಡುಗೆ ಚೆನ್ನಾಗಿ ಆಯ್ತು

ಒಂದೇ ಪಾತ್ರೆ, ಸಣ್ಣ ಗ್ಯಾಸ್ ಸ್ಟೌ ಇಟ್ಕೊಂಡು ಬೆಟ್ಟದ ಮೇಲೆ ಸುಲಭವಾಗಿ, ರುಚಿಯಾಗಿ ಏನು ಮಾಡಬಹುದು ಅಂತ ಕೇಳಿದ್ದೆ. ಹೋಗಿ ಬಂದ್ವಿ. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಎಲ್ಲರಿಗೂ ತುಂಬಾ ಹಿಡಿಸಿದ್ದು ಫಾಯಿಲ್ ಆಲೂಗಡ್ಡೆ. ತೆಳ್ಳಗೆ ಹೆಚ್ಚಿದ ಆಲೂಗಡ್ಡೆ, ಈರುಳ್ಳಿಗೆ ಉಪ್ಪು, ಕಾಳುಮೆಣಸಿನ ಪುಡಿ, ಬೆಣ್ಣೆ ಕಲಸಿ, ಎರಡು ಪದರ ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿ ಕೆಂಡದ ಮೇಲಿಟ್ವಿ. ಉರಿ ಇಳಿದು ಕೆಂಡದ ಮೇಲೆ ಬೂದಿ ಕಟ್ಟೋವರೆಗೂ ಕಾಯಿರಿ ಅಂದಿದ್ರಲ್ಲ, ಅದೇ ಮುಖ್ಯ. ನಡುವೆ ಒಮ್ಮೆ ತಿರುವಿ ಹಾಕಿದ್ವಿ. ಅರ್ಧ ಗಂಟೆಗೆ ಒಳಗೆಲ್ಲ ಮೆತ್ತಗೆ, ಅಂಚು ಗರಿಗರಿ. ಬಿಚ್ಚುವಾಗ ಬಿಸಿ ಹಬೆ ಮುಖಕ್ಕೆ ಹೊಡೆಯುತ್ತೆ, ಹುಷಾರು!

ಪಾಸ್ತಾ ಮೊದಲೇ ತಣ್ಣೀರಲ್ಲಿ ನೆನೆಸಿಟ್ಟಿದ್ದರಿಂದ ಗ್ಯಾಸ್ ಉಳೀತು. ಪ್ರತಿ 300 ಮೀಟರ್ ಮೇಲೆ ಹೋದ ಹಾಗೆ ನೀರು ಸುಮಾರು 1 ಡಿಗ್ರಿ ಸೆಲ್ಸಿಯಸ್ ಕಡಿಮೆ ಬಿಸಿಗೇ ಕುದಿಯುತ್ತೆ, ಹಾಗಾಗಿ ಬೇಯೋದು ನಿಧಾನ. ಎತ್ತರಕ್ಕೆ ಹೋಗೋರಿಗೆ ಈ ನೆನೆಸೋ ಉಪಾಯ ನಿಜಕ್ಕೂ ಬೇಕು.

ಮಸಾಲೆ ಹಚ್ಚಿ ಫ್ರೀಜ್ ಮಾಡಿದ ಚಿಕನ್ ಕೂಲರ್‌ನಲ್ಲಿ ಐಸ್ ಕೆಲಸಾನೂ ಮಾಡ್ತು. ಮೊದಲ ರಾತ್ರಿಯೇ ಅದನ್ನ ಮಾಡಿ ಮುಗಿಸಿದ್ವಿ. ಮೊಟ್ಟೆ ಬೆಳಗಿನ ತಿಂಡಿಗೆ ಆಯ್ತು.

ಮುಂದಿನ ಸಲ ಮಳೆ ಬರಬಹುದು, ಕೆಂಡ ಸಿಗಲ್ಲ. ಬರೀ ಸ್ಟೌ ಮೇಲೆ ಆಗೋ ರುಚಿಯಾದ ಅಡುಗೆ ಗೊತ್ತಿದ್ರೆ ಹೇಳಿ.