ಕನಸು ಕಾಣೋ ರೋಬಾಟ್ ಕಥೆ ನಾಲ್ಕು ಕಡೆಯಿಂದ ವಾಪಸ್ ಬಂತು, ತಿದ್ದಲಾ?

ಪ್ರಶ್ನೆ:

ಇಂಗ್ಲಿಷ್‌ನಲ್ಲಿ 3,800 ಪದಗಳ ಒಂದು ಕಥೆ ಬರೆದಿದ್ದೀನಿ. ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚೋ ರೋಬಾಟ್. ಗುಡ್ಡೆಯಲ್ಲಿ ಬಿದ್ದ ಬಟ್ಟೆಯ ಮೂಲೆ ಹುಡುಕಿ ಹಿಡಿಯೋದೇ ಅದಕ್ಕೆ ಕಷ್ಟದ ಕೆಲಸ. ರಾತ್ರಿ ಚಾರ್ಜ್‌ಗೆ ನಿಂತಾಗ ಹಗಲು ಮಾಡಿದ್ದನ್ನೆಲ್ಲ ಒಳಗೊಳಗೇ ಮತ್ತೆ ಮಾಡಿ ನೋಡುತ್ತೆ. ಒಂದು ರಾತ್ರಿ ಮೂಲೆಯೇ ಇಲ್ಲದ ಬಟ್ಟೆ ಕೈಗೆ ಸಿಗುತ್ತೆ. ಬೆಳಗಾಗೋವರೆಗೂ ಹುಡುಕುತ್ತಲೇ ಇರುತ್ತೆ. ಇದೆಲ್ಲ ಕನಸು ಅಂತ ತಿಳಿಯೋದು ಕೊನೇ ಸಾಲಲ್ಲಿ.

ಮೂರು ಪತ್ರಿಕೆಗಳಿಂದ ಎಲ್ಲರಿಗೂ ಕಳಿಸೋ ಎರಡು ಸಾಲಿನ ಉತ್ತರ ಬಂತು. ನಾಲ್ಕನೆಯವರು ಮಾತ್ರ, ಆ ಬಟ್ಟೆ ಇಷ್ಟವಾಯ್ತು, ಕೊನೆ ಮೊದಲೇ ಗೊತ್ತಾಗಿಬಿಡ್ತು ಅಂತ ಬರೆದಿದ್ದಾರೆ. ಆ ಕೊನೇ ಸಾಲಿಗೋಸ್ಕರವೇ ನಾನು ಕಥೆ ಬರೆದದ್ದು. ಅದನ್ನ ತೆಗೆದರೆ ಏನು ಉಳಿಯುತ್ತೆ? ಬೇಸರಕ್ಕೆ ಬ್ಲಾಗಿಗೆ ಹಾಕಿಬಿಡೋಣ ಅನ್ನಿಸ್ತಿದೆ.

ಉತ್ತರ 1:

ಬ್ಲಾಗಿಗೆ ಮಾತ್ರ ಹಾಕಬೇಡಿ. ಪತ್ರಿಕೆಗಳು ದುಡ್ಡು ಕೊಡೋದು ಮೊದಲ ಪ್ರಕಟಣೆಯ ಹಕ್ಕಿಗೆ. ಎಲ್ಲರಿಗೂ ಕಾಣೋ ಕಡೆ ಹಾಕಿದಿರಿ ಅಂದ್ರೆ ಹೆಚ್ಚಿನವರ ಲೆಕ್ಕದಲ್ಲಿ ಅದು ಪ್ರಕಟವಾದ ಕಥೆ. ಅಮೆರಿಕದ ವೈಜ್ಞಾನಿಕ ಕಥೆಗಾರರ ಸಂಘ ವೃತ್ತಿಪರ ದರ ಅಂತ ಒಪ್ಪಿರೋದು ಪದಕ್ಕೆ ಕನಿಷ್ಠ 8 ಸೆಂಟ್. ಅಂದರೆ ನಿಮ್ಮ ಕಥೆಗೆ 304 ಡಾಲರ್. ಆ ದರ ಕೊಡೋರ ಪಟ್ಟಿಯಿಂದಲೇ ಶುರು ಮಾಡಿ, ಆಮೇಲೆ ಕೆಳಗಿಳೀರಿ. ಒಂದೇ ಕಥೆಯನ್ನ ಒಟ್ಟಿಗೆ ಎರಡು ಕಡೆ ಕಳಿಸೋದನ್ನ ಕೆಲವರು ಒಪ್ಪಲ್ಲ, ನಿಯಮ ಓದಿಕೊಳ್ಳಿ.

ಇನ್ನೊಂದು ಮಾತು. 2023ರ ಫೆಬ್ರವರಿಯಲ್ಲಿ ಯಂತ್ರದಿಂದ ಬರೆಸಿದ ಕಥೆಗಳು ರಾಶಿ ಬಿದ್ದು ಕ್ಲಾರ್ಕ್ಸ್‌ವರ್ಲ್ಡ್ ಅನ್ನೋ ವೈಜ್ಞಾನಿಕ ಕಥೆಗಳ ಪತ್ರಿಕೆ ಸ್ವಲ್ಪ ಕಾಲ ಕಥೆ ತಗೊಳ್ಳೋದನ್ನೇ ನಿಲ್ಲಿಸಿತ್ತು. ಅಂಥ ಹೊತ್ತಲ್ಲಿ ನಿಮಗೆ ಸಂಪಾದಕರು ಕೈಯಾರೆ ಒಂದು ಸಾಲು ಬರೆದಿದ್ದಾರೆ. ಅದನ್ನ ಸಣ್ಣದು ಅಂದುಕೊಳ್ಳಬೇಡಿ.

ಉತ್ತರ 2:

ಕೊನೆಯ ಬಗ್ಗೆ ನಾನು ಹೇಳ್ತೀನಿ, ನನಗೂ ಇದೇ ಆಗಿತ್ತು. ವೈಜ್ಞಾನಿಕ ಕಥೆಗಾರ ಐಸಾಕ್ ಅಸಿಮೊವ್ 1986ರಲ್ಲಿ ರೋಬಾಟ್ ಕನಸಿನ ಕಥೆ ಬರೆದಾಗ, ತನಗೆ ಕನಸು ಬಿತ್ತು ಅನ್ನೋದನ್ನ ರೋಬಾಟ್ ಮೊದಲ ಸಾಲಲ್ಲೇ ಹೇಳಿಬಿಡುತ್ತೆ. ಕನಸಲ್ಲಿ ಏನಿತ್ತು, ಅದನ್ನ ಕೇಳಿದ ಮನುಷ್ಯರು ಏನು ಮಾಡಿದರು ಅನ್ನೋದೇ ಕಥೆ. ನೀವು ಕೊನೆಗೆ ಬಚ್ಚಿಟ್ಟದ್ದನ್ನ ಅವರು ಬಾಗಿಲಲ್ಲೇ ಇಟ್ಟಿದ್ದಾರೆ.

ನಿಮ್ಮ ಹತ್ತಿರ ಇರೋ ಬಂಗಾರ ಆ ಬಟ್ಟೆ. ಅದು ಎಲ್ಲಿಂದ ಬಂತು ಅಂತ ಯೋಚಿಸಿ. ಹಗಲು ಓಡಾಡಿದ ಇಲಿಗಳ ಮೆದುಳಲ್ಲಿ ಜೊತೆಜೊತೆಗೆ ಮಿಡಿದ ಕೋಶಗಳು, ನಿದ್ದೆಯಲ್ಲೂ ಮತ್ತೆ ಜೊತೆಯಾಗೇ ಮಿಡಿಯುತ್ತವೆ ಅಂತ 1994ರಲ್ಲಿ ಇಬ್ಬರು ವಿಜ್ಞಾನಿಗಳು ತೋರಿಸಿದರು. ಯಂತ್ರಗಳಿಗೆ ಕಲಿಸುವಾಗಲೂ ಹಳೇ ಅನುಭವಗಳನ್ನ ಕೂಡಿಟ್ಟು, ಕ್ರಮ ಕಲಸಿ, ಮತ್ತೆ ಮತ್ತೆ ಉಣಿಸೋ ಒಂದು ವಿಧಾನ ಇದೆ. ಕಲಸೋದಿದ್ದರೆ ಎರಡು ಬಟ್ಟೆ ಒಂದಕ್ಕೊಂದು ಸೇರಿಕೊಳ್ಳಬಹುದಲ್ವಾ? ಅವತ್ತು ಹರಿದು ಬಂದ ಶೀಟ್ ಯಾವುದು, ಯಾರ ಹಾಸಿಗೆಯದು? ಅದಕ್ಕಿಂತ ಮುಖ್ಯ, ಬೆಳಗ್ಗೆ ಮೊದಲ ಶೀಟ್ ಕೈಗೆ ಬಂದಾಗ ಆ ರೋಬಾಟ್ ಏನು ಮಾಡುತ್ತೆ? ನೀವು ಬರೆಯದೇ ಬಿಟ್ಟ ಪುಟ ಅದು.

ಪ್ರಶ್ನೆ ಕೇಳಿದವರಿಂದ:

ಒಂಬತ್ತು ದಿನ ಆಯ್ತು. ಕನಸನ್ನ ಎರಡನೇ ಪ್ಯಾರಾಕ್ಕೆ ತಂದೆ. ಕೊನೇ ಸಾಲು ಅಳಿಸುವಾಗ ಹೊಟ್ಟೆ ಉರೀತು, ಆದರೂ ಅಳಿಸಿದೆ. ಈಗ ಬೆಳಗ್ಗೆ ರೋಬಾಟ್ ಶೀಟಿನ ಮೂರು ಮೂಲೆ ಹಿಡಿದು, ನಾಲ್ಕನೆಯದನ್ನ ಮುಟ್ಟದೆ ನಿಂತುಬಿಡುತ್ತೆ. ಲಾಂಡ್ರಿಯ ಹೆಂಗಸು ರಿಪೇರಿಯವರಿಗೆ ಫೋನ್ ಮಾಡ್ತಾಳೆ ಅಂದುಕೊಂಡೇ ಬರೀತಾ ಹೋದೆ. ಅವಳು ಫೋನ್ ಮಾಡಲಿಲ್ಲ. ಬಂದು ಆ ಮೂಲೆ ತಾನೇ ಹಿಡಿದಳು.

4,100 ಪದ ಆಗಿದೆ. ಬ್ಲಾಗಿಗೆ ಹಾಕಿಲ್ಲ. ನಾಳೆ ಐದನೇ ಪತ್ರಿಕೆಗೆ ಹೋಗುತ್ತೆ.