ಪದಚರ್ಚೆ: ‘ರೆಸ್ಟೊರೇಷನ್ ಮೂವ್‌ಮೆಂಟ್’ ಸುಧಾರಣೆಯೋ, ಪುನಃಸ್ಥಾಪನೆಯೋ?

ಪ್ರಶ್ನೆ: ಅಮೆರಿಕದ ಕ್ರೈಸ್ತ ಇತಿಹಾಸದ ಒಂದು ಅಧ್ಯಾಯವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬಾರ್ಟನ್ ಸ್ಟೋನ್ ಮತ್ತು ಅಲೆಕ್ಸಾಂಡರ್ ಕ್ಯಾಂಪ್‌ಬೆಲ್ ಅವರ ‘ರೆಸ್ಟೊರೇಷನ್ ಮೂವ್‌ಮೆಂಟ್’ಗೆ ‘ಮತಸುಧಾರಣೆ’, ‘ಪುನರುತ್ಥಾನ’, ‘ಜೀರ್ಣೋದ್ಧಾರ’ ಇವುಗಳಲ್ಲಿ ಯಾವುದು ಹೊಂದುತ್ತದೆ?

ಉತ್ತರ: ಮೂರೂ ಬೇಡ. ‘ಪುನಃಸ್ಥಾಪನಾ ಚಳವಳಿ’ ಎಂದೇ ಬರೆಯಿರಿ. ಮೊದಲ ಸಲ ಬರುವಲ್ಲಿ ‘ಆದಿಸಭೆಯ ಪದ್ಧತಿಗಳ ಪುನಃಸ್ಥಾಪನೆ’ ಎಂದು ಬಿಡಿಸಿ ಹೇಳಿ. ಏನನ್ನು ಮತ್ತೆ ನೆಲೆಗೊಳಿಸುವುದು ಎಂಬುದು ತಿಳಿಯದಿದ್ದರೆ ಓದುವವರು ಅದೇ ಹೆಸರಿನ ಇನ್ನೊಂದು ಘಟನೆಯ, ಅಂದರೆ 1660ರಲ್ಲಿ ಇಂಗ್ಲೆಂಡಿಗೆ ಅರಸೊತ್ತಿಗೆ ಮರಳಿದ್ದರ ಕಡೆಗೆ ಹೋಗಿಬಿಡಬಹುದು.

‘ಪುನರುತ್ಥಾನ’ ಎಂದ ಕೂಡಲೇ ಕ್ರೈಸ್ತ ಓದುಗರಿಗೆ ಯೇಸು ಸತ್ತವರೊಳಗಿಂದ ಎದ್ದದ್ದು ನೆನಪಾಗುತ್ತದೆ. ‘ಉಜ್ಜೀವನ’ವೂ (ರಿವೈವಲ್, ಅಂದರೆ ಭಕ್ತಿಯನ್ನು ಮತ್ತೆ ಚುರುಕುಗೊಳಿಸುವುದು) ಬೇರೆಯೇ. 1801ರ ಆಗಸ್ಟಿನಲ್ಲಿ ಕೆಂಟಕಿಯ ಕೇನ್ ರಿಜ್‌ನಲ್ಲಿ ನಡೆದದ್ದು ಉಜ್ಜೀವನ ಕೂಟ; ಅದರ ಮುಂದಾಳುಗಳಲ್ಲಿ ಒಬ್ಬರಾದ ಸ್ಟೋನ್ 1804ರಲ್ಲಿ ಸಂಗಡಿಗರೊಂದಿಗೆ ತಮ್ಮದೇ ಪ್ರೆಸ್ಬಿಟರಿಯನ್ನು (ಸಭೆಗಳ ಆಡಳಿತ ಮಂಡಳಿಯನ್ನು) ವಿಸರ್ಜಿಸಿ ‘ಕ್ರೈಸ್ತರು’ ಎಂಬ ಹೆಸರೊಂದನ್ನೇ ಉಳಿಸಿಕೊಂಡಿದ್ದು ಪುನಃಸ್ಥಾಪನೆಯ ಹೆಜ್ಜೆ. ನಿಮ್ಮ ಅಧ್ಯಾಯಕ್ಕೆ ಎರಡೂ ಪದ ಬೇಕಾಗುತ್ತವೆ, ಒಂದರ ಜಾಗದಲ್ಲಿ ಇನ್ನೊಂದು ಬರಬಾರದು.

‘ಸುಧಾರಣೆ’ ಎಂದರೆ ಇದ್ದ ಸಭೆಯನ್ನೇ ತಿದ್ದುವುದು, ಲೂಥರ್ ಹೊರಟ ದಾರಿ. ಇವರ ವಾದ ಅದಕ್ಕಿಂತ ಮುಂದೆ ಹೋಗುತ್ತದೆ: ಶತಮಾನಗಳಲ್ಲಿ ಸೇರಿಕೊಂಡ ವಿಶ್ವಾಸಪ್ರಮಾಣಗಳನ್ನು (ಕ್ರೀಡ್‌ಗಳನ್ನು) ಐಕ್ಯಕ್ಕೆ ಷರತ್ತಾಗಿಸದೆ, ಹೊಸ ಒಡಂಬಡಿಕೆಯಲ್ಲಿ ಕಾಣುವ ಮಾದರಿಗೇ ಮರಳಬೇಕು. ಅಲೆಕ್ಸಾಂಡರರ ತಂದೆ ಥಾಮಸ್ ಕ್ಯಾಂಪ್‌ಬೆಲ್ 1809ರ ಘೋಷಣಾಪತ್ರದಲ್ಲಿ ಮಂಡಿಸಿದ್ದು ಇದನ್ನೇ. ಒಂದು ತೊಡಕಿದೆ: ಅಲೆಕ್ಸಾಂಡರ್ ತಮ್ಮ ಕೆಲಸವನ್ನು ಎಷ್ಟೋ ಕಡೆ ‘ಈಗಿನ ರಿಫಾರ್ಮೇಷನ್’ ಎಂದೇ ಕರೆದಿದ್ದಾರೆ. ಅವರ ಮಾತನ್ನು ಉದ್ಧರಿಸುವಲ್ಲಿ ‘ಸುಧಾರಣೆ’ ಇರಲಿ, ನಿಮ್ಮ ನಿರೂಪಣೆಯಲ್ಲಿ ಬೇಡ.

‘ಜೀರ್ಣೋದ್ಧಾರ’ ಕಿವಿಗೆ ಹಿತವಾದ ಪದ, ಆದರೆ ಅದು ಕಟ್ಟಡಕ್ಕೆ ಅಂಟಿಕೊಂಡಿದೆ. ಇಲ್ಲಿ ‘ಸಭೆ’ ಎಂದರೆ ಕೂಡಿದ ಜನ. ಆ ಅರ್ಥವನ್ನು ಕನ್ನಡದ ‘ಸಭೆ’ ‘ಚರ್ಚು’ಗಿಂತ ಚೆನ್ನಾಗಿ ಹಿಡಿಯುತ್ತದೆ, ಅದನ್ನು ಬಿಡಬೇಡಿ.

ಆಚರಣೆಗಳ ಪದಗಳಲ್ಲಿ ಹೆಚ್ಚು ಎಚ್ಚರ ಬೇಕು. ‘ಜ್ಞಾನಸ್ನಾನ’ ಎಂದರೆ ಕನ್ನಡ ಕಥೋಲಿಕರಿಗೆ ಶಿಶುವಿನ ತಲೆಗೆ ನೀರು ಹೊಯ್ಯುವ ಸಂಸ್ಕಾರ ನೆನಪಾಗುತ್ತದೆ. ಇವರದು ನಂಬಿದ ವಯಸ್ಕರನ್ನು ಪೂರ್ತಿ ನೀರಿನಲ್ಲಿ ಮುಳುಗಿಸುವುದು. ಕ್ಯಾಂಪ್‌ಬೆಲ್ ಕುಟುಂಬದವರು 1812ರಲ್ಲಿ ಹಾಗೆಯೇ ಪಡೆದರು. ‘ಮುಳುಗಿಸಿ ಕೊಡುವ ದೀಕ್ಷಾಸ್ನಾನ’ ಎಂದು ಒಮ್ಮೆ ಬರೆದು, ಮುಂದೆ ‘ದೀಕ್ಷಾಸ್ನಾನ’ ಸಾಕು. ಈ ಚಳವಳಿಯ ಬೋಧಕ ವಾಲ್ಟರ್ ಸ್ಕಾಟ್ (ಅದೇ ಹೆಸರಿನ ಕಾದಂಬರಿಕಾರರಲ್ಲ) 1827ರಿಂದ ಐದು ಬೆರಳುಗಳ ಮೇಲೆ ಎಣಿಸಿ ಕಲಿಸಿದ ಕ್ರಮವನ್ನೂ ಕದಲಿಸಬೇಡಿ: ನಂಬಿಕೆ, ಮಾನಸಾಂತರ, ದೀಕ್ಷಾಸ್ನಾನ, ಪಾಪಕ್ಷಮೆ, ಪವಿತ್ರಾತ್ಮದ ವರ. ಅಪೊಸ್ತಲರ ಕೃತ್ಯಗಳು 2:38ರ ಆಧಾರದ ಮೇಲೆ ಇವರು ‘ಪಾಪಕ್ಷಮೆಗಾಗಿ’ ದೀಕ್ಷಾಸ್ನಾನ ಎನ್ನುತ್ತಾರೆ. ‘ಪಾಪಕ್ಷಮೆ ದೊರೆತ ಗುರುತಾಗಿ’ ಎಂದು ಅನುವಾದಿಸಿದರೆ ಅದು ಬ್ಯಾಪ್ಟಿಸ್ಟರ ಬೋಧನೆಯಾಗುತ್ತದೆ. 1830ರ ಸುಮಾರಿಗೆ ಕ್ಯಾಂಪ್‌ಬೆಲ್ ಬಳಗದವರೂ ಬ್ಯಾಪ್ಟಿಸ್ಟರೂ ಬೇರೆಯಾಗಲು ಈ ಭೇದವೇ ಒಂದು ದೊಡ್ಡ ಕಾರಣ. ಒಂದು ಪ್ರತ್ಯಯ ತಪ್ಪಿದರೂ ಆ ಒಡಕು ಯಾಕೆ ಆಯಿತೆಂದು ಓದುವವರಿಗೆ ತಿಳಿಯುವುದಿಲ್ಲ.

ಪ್ರತಿ ಭಾನುವಾರದ ರೊಟ್ಟಿ ಮುರಿಯುವಿಕೆಗೆ ‘ಕರ್ತನ ಭೋಜನ’ ಬಳಸಿ; ಕಥೋಲಿಕರ ‘ಬಲಿಪೂಜೆ’ (ಮಾಸ್) ಖಂಡಿತ ಸಲ್ಲದು. ಸ್ಥಳೀಯ ಸಭೆಯನ್ನು ನಡೆಸುವವರು ‘ಹಿರಿಯರು’, ಬಹುವಚನದಲ್ಲೇ.

ಹೆಸರುಗಳ ವಿಷಯ. 1832ರ ಆರಂಭದಲ್ಲಿ ಲೆಕ್ಸಿಂಗ್ಟನ್‌ನಲ್ಲಿ ಕೈಕುಲುಕಿ ಸ್ಟೋನ್ ಮತ್ತು ಕ್ಯಾಂಪ್‌ಬೆಲ್ ಬಳಗಗಳು ಒಂದಾದವು. ಮುಂದೆ ಮಿಷನರಿ ಸೊಸೈಟಿ, ಆರಾಧನೆಯಲ್ಲಿ ವಾದ್ಯ ಮುಂತಾದ ವಿಷಯಗಳಲ್ಲಿ ಒಡಕು ಬೆಳೆದು, 1906ರ ಅಮೆರಿಕದ ಧಾರ್ಮಿಕ ಗಣತಿ ‘ಚರ್ಚಸ್ ಆಫ್ ಕ್ರೈಸ್ಟ್’ ಅನ್ನು ಇದೇ ಚಳವಳಿಯ ಇನ್ನೊಂದು ಬಣವಾದ ‘ಡಿಸೈಪಲ್ಸ್’ನಿಂದ ಬೇರೆಯಾಗಿ ಎಣಿಸಿತು. ಮೊದಲನೆಯದಕ್ಕೆ ‘ಕ್ರಿಸ್ತನ ಸಭೆಗಳು’ ಎನ್ನಿ: ಪ್ರತಿ ಸಭೆಯೂ ಸ್ವತಂತ್ರ, ಮೇಲೆ ಕೇಂದ್ರಾಡಳಿತವಿಲ್ಲ, ಆದ್ದರಿಂದ ಏಕವಚನ ತಪ್ಪು ಚಿತ್ರ ಕೊಡುತ್ತದೆ. ಪಂಥಭೇದ ಅಳಿಸಲೆಂದೇ ಹೊರಟವರನ್ನು ನಿರೂಪಣೆಯಲ್ಲಿ ‘ಪಂಥ’ ಎನ್ನದೆ ‘ಚಳವಳಿ’ ಎನ್ನುವುದು ನ್ಯಾಯ.

ಮಾರ್ಮನರೂ (ಜೋಸೆಫ್ ಸ್ಮಿತ್ ಅವರ ಅನುಯಾಯಿಗಳು) ‘ರೆಸ್ಟೊರೇಷನ್’ ಎನ್ನುತ್ತಾರೆ. ಕ್ಯಾಂಪ್‌ಬೆಲ್ ಬಳಗದ ಬೋಧಕ ಸಿಡ್ನಿ ರಿಗ್ಡನ್ 1830ರಲ್ಲಿ ಅತ್ತ ಹೋದದ್ದರಿಂದ ಗೊಂದಲ ಹೆಚ್ಚು. ಅಲ್ಲಿ ಮರಳಿ ಬಂದದ್ದು ದೇವದೂತರ ಮೂಲಕ ದೊರೆತ ಯಾಜಕಾಧಿಕಾರ, ಜೊತೆಗೆ ಹೊಸ ಗ್ರಂಥ. ಆ ಸಂದರ್ಭ ಬಂದರೆ ‘ಯಾಜಕತ್ವದ ಪುನಃಸ್ಥಾಪನೆ’ ಎಂದು ಬಿಡಿಸಿಯೇ ಬರೆಯಿರಿ.