ಒಂದೇ ಜೀವಮಾನದಲ್ಲಿ ಬ್ರಿಟಿಷರ ಊಟ ಇಷ್ಟು ಬದಲಾದದ್ದು ಹೇಗೆ?

ಪ್ರಶ್ನೆ: ಸಪ್ತಾಪುರದ ಮಾಸ್ತರ, ಧಾರವಾಡ

ಕಳೆದ ವರ್ಷ ಐದು ತಿಂಗಳು ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ಮಗನ ಮನೆಯಲ್ಲಿದ್ದು ಬಂದೆ. ಪಕ್ಕದ ಮನೆಯಲ್ಲಿ 1942ರಲ್ಲಿ ಹುಟ್ಟಿದ ಅಜ್ಜಿಯೊಬ್ಬರು ಒಬ್ಬರೇ ಇದ್ದರು. ಬೆಣ್ಣೆ ತೀರಿದ ಮೇಲೆ ಅದನ್ನು ಸುತ್ತಿ ಬಂದ ಕಾಗದವನ್ನು ಅವರು ಎಸೆಯುತ್ತಿರಲಿಲ್ಲ. ಚಾಕುವಿನಿಂದ ಕೆರೆದು, ಮಡಚಿ, ಫ್ರಿಜ್ಜಿನ ಬಾಗಿಲಿನಲ್ಲಿ ಇಟ್ಟುಕೊಂಡು, ಕೇಕ್ ಬೇಯಿಸುವ ಡಬ್ಬಿಗೆ ಜಿಡ್ಡು ಸವರಲು ಬಳಸುತ್ತಿದ್ದರು. ತಾವು ಬೆಳೆದದ್ದು ಮೊಟ್ಟೆಯ ಪುಡಿ, ಆಲೂಗಡ್ಡೆ ಮತ್ತು ಬ್ರೆಡ್ಡಿನ ಮೇಲೆ ಎಂದು ಅವರೇ ಹೇಳಿದರು. ಆದರೆ ಅದೇ ಫ್ರಿಜ್ಜಿನಲ್ಲಿ, ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಊಟಕ್ಕೆ ಸಿದ್ಧವಾಗುವ ಚಿಕನ್ ಟಿಕ್ಕಾ ಮಸಾಲಾ ಪೊಟ್ಟಣಗಳು ಎರಡು ಇದ್ದವು.

ನನ್ನ ಮಗನ ಅಭಿಪ್ರಾಯದಲ್ಲಿ ಇದಕ್ಕೆಲ್ಲ ಕಾರಣ ಭಾರತದಿಂದ ಹೋದವರು. ಅವರಿಗೆ ಉಣ್ಣುವುದನ್ನು ಕಲಿಸಿದವರೇ ನಾವು ಎಂಬುದು ಅವನ ವಾದ. ಇದು ಅರ್ಧ ಸತ್ಯ ಎಂದು ನನಗೆ ಅನಿಸುತ್ತದೆ. ಬೆಣ್ಣೆಯ ಕಾಗದದಿಂದ ಆ ಪೊಟ್ಟಣದವರೆಗೆ ಬಂದ ದಾರಿ ಯಾವುದು ಎಂಬುದನ್ನು ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ಇತಿಹಾಸ ಉಪನ್ಯಾಸಕ, ಹುಬ್ಬಳ್ಳಿ (ಮೂಲ ಊರು ಗದಗ)

ಮಾಸ್ತರರೇ, ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಆ ಅಜ್ಜಿಯ ಬಾಲ್ಯವೆಲ್ಲ ಪಡಿತರ ಚೀಟಿಯ ಕಾಲದಲ್ಲಿ ಕಳೆದಿದೆ. 1940ರ ಜನವರಿಯಲ್ಲಿ ಬೇಕನ್ (ಉಪ್ಪು ಹಾಕಿ ಹದ ಮಾಡಿದ ಹಂದಿಮಾಂಸ), ಬೆಣ್ಣೆ ಮತ್ತು ಸಕ್ಕರೆಯಿಂದ ಆರಂಭವಾದ ಪಡಿತರ ಪೂರ್ತಿಯಾಗಿ ಮುಗಿದದ್ದು 1954ರ ಜುಲೈ 4ರಂದು, ಅಂದರೆ ಎರಡನೇ ಮಹಾಯುದ್ಧ ಮುಗಿದ ಒಂಬತ್ತು ವರ್ಷಗಳ ಮೇಲೆ. ನಮ್ಮಲ್ಲಿ ನ್ಯಾಯಬೆಲೆ ಅಂಗಡಿಗೆ ಕಾರ್ಡು ಜೋಡಿಸಿದಂತೆಯೇ ಅಲ್ಲಿಯೂ ಪ್ರತಿ ಕುಟುಂಬ ಇಂಥದೇ ಅಂಗಡಿಯಲ್ಲಿ ಹೆಸರು ನೋಂದಾಯಿಸಿ, ಅಲ್ಲಿಂದಲೇ ಸಾಮಾನು ತರಬೇಕಿತ್ತು. ಒಬ್ಬರಿಗೆ ವಾರಕ್ಕೆ ಚಹಾಪುಡಿ ಸುಮಾರು 57 ಗ್ರಾಂ. ಮೊಟ್ಟೆ ಒಂದು, ಅದೂ ಸಿಕ್ಕರೆ. ವಿಚಿತ್ರವೆಂದರೆ, ಬಾಂಬು ಬೀಳುತ್ತಿದ್ದ ದಿನಗಳಲ್ಲಿ ಮುಕ್ತವಾಗಿ ಸಿಗುತ್ತಿದ್ದ ಬ್ರೆಡ್ಡಿಗೆ ಶಾಂತಿ ಬಂದ ಮೇಲೆ, 1946ರ ಜುಲೈಯಲ್ಲಿ, ಪಡಿತರ ಬಂತು. ಜಗತ್ತಿನಲ್ಲೆಲ್ಲ ಗೋಧಿಯ ಕೊರತೆಯಿತ್ತು, ಜೊತೆಗೆ ಜರ್ಮನಿಯಲ್ಲಿ ತಮ್ಮ ಆಡಳಿತದಲ್ಲಿದ್ದ ಭಾಗದ ಜನರ ಹೊಟ್ಟೆಯನ್ನೂ ಬ್ರಿಟನ್ ತುಂಬಿಸಬೇಕಿತ್ತು. 1949ರ ಏಪ್ರಿಲ್‌ನಲ್ಲಿ ಮಿಠಾಯಿಯ ಮೇಲಿನ ಪಡಿತರವನ್ನು ತೆಗೆದಾಗ ಜನ ಮುಗಿಬಿದ್ದು ಕೊಂಡದ್ದರಿಂದ ನಾಲ್ಕೇ ತಿಂಗಳಲ್ಲಿ ಅದನ್ನು ಮತ್ತೆ ಹೇರಬೇಕಾಯಿತು, ಮತ್ತು ಮಕ್ಕಳು 1953ರವರೆಗೆ ಕಾಯಬೇಕಾಯಿತು.

ಇದನ್ನು ಬರೀ ಹಸಿವಿನ ಕಥೆಯಾಗಿ ನೋಡುವುದು ತಪ್ಪೆಂದು ನನ್ನ ಭಾವನೆ. ಬಡವರ ಮನೆಯ ಗರ್ಭಿಣಿಯರಿಗೂ ಎಳೆಯ ಮಕ್ಕಳಿಗೂ ಹಾಲು, ಕಿತ್ತಳೆಯ ರಸ ಮತ್ತು ಕಾಡ್ ಮೀನಿನ ಎಣ್ಣೆ ಸರ್ಕಾರದಿಂದ ಸಿಗುತ್ತಿದ್ದವು. 1946ರಿಂದ ಶಾಲೆಯ ಮಕ್ಕಳಿಗೆಲ್ಲ ದಿನಕ್ಕೆ ಸುಮಾರು 190 ಮಿಲಿಲೀಟರ್ ಹಾಲು ಉಚಿತವಾಯಿತು. (1971ರಲ್ಲಿ ಏಳು ವರ್ಷ ಮೀರಿದ ಮಕ್ಕಳಿಗೆ ಅದನ್ನು ನಿಲ್ಲಿಸಿದ ಶಿಕ್ಷಣ ಮಂತ್ರಿ ಮಾರ್ಗರೆಟ್ ಥ್ಯಾಚರ್, ‘ಹಾಲು ಕಸಿದವಳು’ ಎಂಬ ಹೆಸರು ಅವರಿಗೆ ಕೊನೆಯವರೆಗೂ ಅಂಟಿಕೊಂಡಿತು.) ಪಡಿತರದಿಂದ ನಿಜವಾಗಿ ಹಾಳಾದದ್ದು ವೈವಿಧ್ಯ. ಉದಾಹರಣೆಗೆ, ಹಾಲನ್ನೆಲ್ಲ ಒಂದೇ ಬಗೆಯ ಸರ್ಕಾರಿ ಚೆಡ್ಡರ್ ಚೀಸ್‌ಗೆ ತಿರುಗಿಸಿದ್ದರಿಂದ ಊರೂರಿನ ಚೀಸ್‌ಗಳು ಅಳಿವಿನ ಅಂಚಿಗೆ ಬಂದವು.

ಪಡಿತರ ಹೋದ ಮೇಲೂ ಊಟ ಕೂಡಲೇ ಬದಲಾಗಲಿಲ್ಲ. ರವಿವಾರ ಮಾಂಸ ಸುಡುವುದು, ಬಟ್ಟೆ ಒಗೆಯುವ ಸೋಮವಾರ ಅದರ ತಂಗಳನ್ನು ತಿನ್ನುವುದು, ಉಳಿದದ್ದನ್ನು ಮಂಗಳವಾರ ಕೊಚ್ಚಿ ಆಲೂಗಡ್ಡೆಯ ಕೆಳಗೆ ಮುಚ್ಚಿ ಬೇಯಿಸುವುದು: ಈ ಕ್ರಮ ಎಷ್ಟೋ ಮನೆಗಳಲ್ಲಿ ಮುಂದುವರಿಯಿತು. ಕೋಳಿ ಆಗ ಹಬ್ಬದ ಅಡುಗೆ. ಫ್ರಿಜ್ ಇದ್ದ ಮನೆಗಳೂ ಕಡಿಮೆ. ನಮ್ಮ ಹಿರಿಯರ ನೆಲವಿನ ಜಾಗದಲ್ಲಿ ಅವರಿಗೆ ಬಿಸಿಲು ತಾಗದ ಗೋಡೆಗೆ ಕಲ್ಲಿನ ಹಲಗೆ ಹಾಕಿದ ಉಗ್ರಾಣದ ಕೋಣೆ ಇತ್ತು.

ತಿರುವು ಬಂದದ್ದು ಅಂಗಡಿಯ ಕಡೆಯಿಂದ. 1950ರಲ್ಲಿ ಸೇನ್ಸ್‌ಬರಿ ಎಂಬ ಕಿರಾಣಿ ಕಂಪನಿಯವರು ಕ್ರಾಯ್ಡನ್‌ನಲ್ಲಿ ಗಿರಾಕಿಯೇ ಕೈಯಾರೆ ಸಾಮಾನು ಆರಿಸಿಕೊಳ್ಳುವ ಅಂಗಡಿ ತೆರೆದರು. 1955ರಲ್ಲಿ ಬರ್ಡ್ಸ್ ಐ ಕಂಪನಿ ಫಿಶ್ ಫಿಂಗರ್ (ಬ್ರೆಡ್ಡಿನ ಪುಡಿ ಹಚ್ಚಿ ಹೆಪ್ಪುಗಟ್ಟಿಸಿದ, ಬೆರಳುದ್ದದ ಮೀನಿನ ತುಂಡು) ಮಾರುಕಟ್ಟೆಗೆ ತಂದಿತು. ಹೆರಿಂಗ್ ಮೀನಿನ ತುಂಡುಗಳನ್ನು ಮಾರುವುದು ಕಂಪನಿಯ ಆಸೆಯಾಗಿದ್ದರೂ, ರುಚಿ ನೋಡಿದ ಜನ ಹೋಲಿಕೆಗೆಂದು ಇಟ್ಟಿದ್ದ ಸಪ್ಪೆ ಕಾಡ್ ಮೀನನ್ನೇ ಮೆಚ್ಚಿದರು. ಮುಂದೆ ಮನೆಗೆ ಫ್ರಿಜ್ ಬಂತು, ಕೋಳಿ ಸಾಕಣೆ ಕಾರ್ಖಾನೆಯ ರೂಪ ತಾಳಿ ಕೋಳಿ ಅಗ್ಗವಾಯಿತು, ಮದುವೆಯಾದ ಹೆಣ್ಣುಮಕ್ಕಳು ಹೆಚ್ಚುಹೆಚ್ಚಾಗಿ ನೌಕರಿಗೆ ಹೋದರು. 1979ರಲ್ಲಿ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಯವರು ತಣ್ಣಗಿಟ್ಟ ಚಿಕನ್ ಕಿಯೆವ್ (ಒಳಗೆ ಬೆಣ್ಣೆ ತುಂಬಿ ಬ್ರೆಡ್ಡಿನ ಪುಡಿ ಹಚ್ಚಿದ ಕೋಳಿಮಾಂಸ) ಮಾರಲು ಆರಂಭಿಸುವ ಹೊತ್ತಿಗೆ, ಬೇರೆಯವರು ಮಾಡಿದ ಅಡುಗೆಯನ್ನು ತಂದು ಬಿಸಿ ಮಾಡಿ ಬಡಿಸುವುದರಲ್ಲಿ ಸಂಕೋಚವೇನೂ ಉಳಿದಿರಲಿಲ್ಲ. ನಿಮ್ಮ ಅಜ್ಜಿಯ ಪೊಟ್ಟಣದ ಮೂಲಪುರುಷ ಅದು. ನಾಲಿಗೆ ಬದಲಾದದ್ದು ಆಮೇಲೆ. ಮೊದಲು ಬದಲಾದದ್ದು ಕಪಾಟು.

ಉತ್ತರ: ರೊಟ್ಟಿ ಕೇಂದ್ರ ನಡೆಸುವವಳು, ಹಳೇ ಹುಬ್ಬಳ್ಳಿ

ಉಪನ್ಯಾಸಕರು ಬ್ರೆಡ್ಡಿನ ಪಡಿತರವನ್ನು ಹೇಳಿ ಬ್ರೆಡ್ಡನ್ನೇ ಬಿಟ್ಟಿದ್ದಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಆಹಾರ ವಿಜ್ಞಾನ ಓದಿ ಈಗ ರೊಟ್ಟಿ ಮಾರುವ ನನಗೆ ಅದು ದೊಡ್ಡ ಲೋಪವಾಗಿ ಕಂಡಿತು.

ಯುದ್ಧದ ಕಾಲದ ‘ರಾಷ್ಟ್ರೀಯ ಬ್ರೆಡ್’ ತವುಡು ಹೆಚ್ಚು ಉಳಿಸಿದ ಹಿಟ್ಟಿನದು; ಬೂದುಬಣ್ಣದ ಅದನ್ನು ಜನ ಬೈಯುತ್ತಲೇ ತಿಂದರು, ಮತ್ತು ಅದು 1956ರವರೆಗೂ ಉಳಿಯಿತು. 1961ರಲ್ಲಿ ಹರ್ಟ್‌ಫರ್ಡ್‌ಶೈರ್‌ನ ಚಾರ್ಲಿವುಡ್‌ನಲ್ಲಿ ಸಂಶೋಧಕರು ಹೊಸ ವಿಧಾನ ಕಂಡುಹಿಡಿದರು. ಹಿಟ್ಟು ಗಂಟೆಗಟ್ಟಲೆ ಹುದುಗಿ ಮೃದುವಾಗಲು ಬಿಡುವ ಬದಲು, ಸ್ವಲ್ಪ ಕೊಬ್ಬು ಮತ್ತು ಹೆಚ್ಚು ಯೀಸ್ಟ್ ಸೇರಿಸಿ, ಯಂತ್ರದಲ್ಲಿ ಕೆಲವೇ ನಿಮಿಷ ಅತಿವೇಗವಾಗಿ ನಾದುವುದು ಅದರ ಗುಟ್ಟು. ಬ್ರಿಟನ್ನಿನ ಗೋಧಿಯಲ್ಲಿ ಪ್ರೋಟೀನ್ ಕಡಿಮೆ. ಹೀಗೆ ನಾದಿದರೆ ಅದರಿಂದಲೂ ಉಬ್ಬಿದ ಬ್ರೆಡ್ ಬರುತ್ತದೆ, ಕೆನಡಾದ ಗೋಧಿಯನ್ನು ಅಷ್ಟಾಗಿ ನೆಚ್ಚಬೇಕಿಲ್ಲ. ಇಂದು ಅಲ್ಲಿನ ಬ್ರೆಡ್ಡಿನಲ್ಲಿ ಸುಮಾರು ಶೇ. 80ರಷ್ಟು ಈ ವಿಧಾನದ್ದೇ. ಅಗ್ಗ, ಬಿಳಿ, ಹತ್ತಿಯಂತೆ ಮೆತ್ತಗೆ.

ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ, ಅಂಗೈಯಿಂದ ಒತ್ತಿ ನಾದಿ, ಬಡಿದು, ಹಂಚಿನ ಮೇಲೆ ಹಾಕಿ ಒದ್ದೆ ಬಟ್ಟೆ ಸವರುವವರಿಗೆ ಇದು ತಮಾಷೆಯಾಗಿ ಕಾಣಬಹುದು. ಆದರೆ ನನ್ನ ಕೇಂದ್ರಕ್ಕೆ ಬಂದು ಖಡಕ್ ರೊಟ್ಟಿಯ ಕಟ್ಟು ಒಯ್ಯುವವರಲ್ಲಿ ಹೆಚ್ಚಿನವರು ತಾಯಿಯಿಂದ ರೊಟ್ಟಿ ಬಡಿಯುವುದನ್ನು ಕಲಿತವರೇ. ಸಮಯ ಇಲ್ಲ ಎನ್ನುತ್ತಾರೆ, ಅಷ್ಟೇ. ಇಂಗ್ಲೆಂಡಿನ ಹೆಂಗಸರು ಅದನ್ನೇ ನಮಗಿಂತ ನಲವತ್ತು-ಐವತ್ತು ವರ್ಷ ಮೊದಲು ಹೇಳಿದರು.

ಉತ್ತರ: ಬ್ಯಾಡಗಿಯವ, ಹಾವೇರಿ ಜಿಲ್ಲೆ

ಬರ್ಮಿಂಗ್‌ಹ್ಯಾಮ್‌ನ ಭಾರತೀಯ ಹೋಟೆಲೊಂದರ ಅಡುಗೆಮನೆಯಲ್ಲಿ ಆರು ವರ್ಷ ದುಡಿದು, ಈಗ ಊರಲ್ಲಿ ಮೆಣಸಿನಕಾಯಿ ವ್ಯಾಪಾರದಲ್ಲಿರುವವನು ನಾನು. ಮಾಸ್ತರರ ಮಗನ ಮಾತಿಗೆ ಒಂದು ತಿದ್ದುಪಡಿ ಬೇಕು. ‘ಇಂಡಿಯನ್’ ಎಂಬ ಫಲಕವಿರುವ ಆ ಹೋಟೆಲುಗಳಲ್ಲಿ ಬಹುಪಾಲು ನಡೆಸಿದವರು ಇಂದಿನ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು; ಅವರಲ್ಲಿ ಮೊದಲು ಬಂದವರು ಎಷ್ಟೋ ಜನ ಹಡಗಿನ ಕೆಲಸಗಾರರು. ಯುದ್ಧದ ನಂತರ ಅಗ್ಗಕ್ಕೆ ಸಿಕ್ಕ ಹಳೆಯ ಚಹಾದಂಗಡಿ ಮತ್ತು ಮೀನು-ಚಿಪ್ಸ್ ಅಂಗಡಿಗಳನ್ನು ಕೊಂಡು, ಚಿಪ್ಸ್ ಮಾರುತ್ತಲೇ ಪಕ್ಕದಲ್ಲಿ ಮಸಾಲೆಯ ‘ಕರಿ’ ಇಟ್ಟರು. ಪಬ್ ಮುಚ್ಚಿದ ಮೇಲೂ ಇವರ ಬಾಗಿಲು ತೆರೆದಿರುತ್ತಿದ್ದುದರಿಂದ ಗಿರಾಕಿ ತಾನಾಗಿ ಬಂದ. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಹೊರಹಾಕಿದ ಗುಜರಾತಿಗಳು ಲೆಸ್ಟರ್‌ಗೆ ಬಂದದ್ದು ಬೇರೆಯೇ ಅಧ್ಯಾಯ. ಅವರದು ಹೆಚ್ಚಾಗಿ ಸಸ್ಯಾಹಾರ.

ನಮ್ಮ ಅಡುಗೆಮನೆಯಲ್ಲಿ ಬೆಳಿಗ್ಗೆ ದೊಡ್ಡ ಪಾತ್ರೆಯಲ್ಲಿ ಈರುಳ್ಳಿಯನ್ನು ಕರಗುವವರೆಗೆ ಬೇಯಿಸಿ ರುಬ್ಬಿ ಒಂದೇ ರಸ ಮಾಡಿಡುತ್ತಿದ್ದೆವು. ರಾತ್ರಿ ಗಿರಾಕಿ ಕೋರ್ಮಾ ಕೇಳಿದರೆ ಅದಕ್ಕೇ ಕೆನೆ, ‘ಮದ್ರಾಸ್’ ಎಂಬ ಕರಿ ಕೇಳಿದರೆ ಅದಕ್ಕೇ ಖಾರದಪುಡಿ. ಮದ್ರಾಸಿನವರು ಅದನ್ನು ತಮ್ಮದೆಂದು ಗುರುತಿಸಲಾರರು! 2001ರಲ್ಲಿ ವಿದೇಶಾಂಗ ಮಂತ್ರಿ ರಾಬಿನ್ ಕುಕ್ ಅವರು ಚಿಕನ್ ಟಿಕ್ಕಾ ಮಸಾಲಾವನ್ನು ಬ್ರಿಟನ್ನಿನ ನಿಜವಾದ ರಾಷ್ಟ್ರೀಯ ಖಾದ್ಯವೆಂದು ಕರೆದಾಗ ಕೊಟ್ಟ ಕಾರಣ ನನಗೆ ಸರಿಯೆನಿಸುತ್ತದೆ: ಟಿಕ್ಕಾ ಭಾರತದ್ದು, ಮೇಲಿನ ಮಸಾಲೆಯ ರಸ ಬಂದದ್ದು ಮಾಂಸದ ಜೊತೆ ಗ್ರೇವಿ (ಮಾಂಸ ಬೆಂದಾಗ ಬಿಟ್ಟ ರಸದ ಗಟ್ಟಿ ಸಾರು) ಬೇಕೆನ್ನುವ ಬ್ರಿಟಿಷರ ಆಸೆಯಿಂದ. ಅಂದರೆ ರವಿವಾರದ ಹಳೆಯ ಊಟ ಎಲ್ಲಿಯೂ ಹೋಗಿಲ್ಲ, ಬಣ್ಣ ಬದಲಿಸಿಕೊಂಡಿದೆ. ಆದ್ದರಿಂದ ಕಪಾಟು ಮೊದಲು, ನಾಲಿಗೆ ಆಮೇಲೆ ಎಂಬ ಉಪನ್ಯಾಸಕರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಾಲಿಗೆ ಅಷ್ಟಾಗಿ ಬದಲಾಗಲೇ ಇಲ್ಲ ಎನ್ನುತ್ತೇನೆ.

ಮರುಮಾತು: ಸಪ್ತಾಪುರದ ಮಾಸ್ತರ

ಎಲ್ಲರಿಗೂ ವಂದನೆಗಳು. ಬ್ಯಾಡಗಿಯವರ ಮಾತಿಗೆ ಸಾಕ್ಷಿಯೊಂದು ನನ್ನಲ್ಲಿಯೂ ಇದೆ. ಅಜ್ಜಿ ಒಮ್ಮೆ ನಮ್ಮನ್ನು ಸಂಜೆ ಐದೂವರೆಗೆ ‘ಟೀ’ಗೆ ಕರೆದಿದ್ದರು. ನಾವು ಬರೀ ಚಹಾ ಎಂದುಕೊಂಡು ನಾಲ್ಕಕ್ಕೇ ಹೊಟ್ಟೆ ತುಂಬ ಅವಲಕ್ಕಿ ತಿಂದು ಹೋದೆವು. ಅಲ್ಲಿ ನೋಡಿದರೆ ಪೂರ್ತಿ ಊಟವೇ ಸಿದ್ಧವಿತ್ತು. ಅವರ ಬಾಯಲ್ಲಿ ‘ಡಿನ್ನರ್’ ಎಂದರೆ ಇಂದಿಗೂ ಮಧ್ಯಾಹ್ನದ್ದು, ‘ಟೀ’ ಎಂದರೆ ಸಂಜೆಯ ಊಟ. ಸಸ್ಯಾಹಾರಿಗಳಾದ ನಮಗೆಂದು ಬೇಯಿಸಿದ ಆಲೂಗಡ್ಡೆ, ಬಟಾಣಿ, ಬೆಣ್ಣೆ ಹಚ್ಚಿದ ಬ್ರೆಡ್ ಇಟ್ಟು, ಗ್ರೇವಿ ಬಡಿಸಲಾಗಲಿಲ್ಲ ಎಂದು ಮೂರು ಸಲ ನೊಂದುಕೊಂಡರು. ಬರುವ ಬೇಸಿಗೆಯಲ್ಲಿ ಮತ್ತೆ ಹೋಗುವವನಿದ್ದೇನೆ. ತಂಗೀ, ಅವರಿಗೆ ನಿಮ್ಮ ಖಡಕ್ ರೊಟ್ಟಿಯನ್ನೂ ಧಾರವಾಡದ ಪೇಡೆಯನ್ನೂ ಒಯ್ದರೆ ಹೇಗೆ?

ಉತ್ತರ: ರೊಟ್ಟಿ ಕೇಂದ್ರ ನಡೆಸುವವಳು

ಸರ್, ಪೇಡೆ ಹಾಲಿನದಾದ್ದರಿಂದ ಅದನ್ನು ನಮ್ಮ ದೇಶದಿಂದ ಒಯ್ಯಲು ಬ್ರಿಟನ್ನಿನ ನಿಯಮ ಬಿಡುವುದಿಲ್ಲ. ರೊಟ್ಟಿಯ ಜೊತೆ ಶೇಂಗಾ ಚಟ್ನಿಪುಡಿ ಒಯ್ಯಿರಿ, ಆದರೆ ಖಾರ ಕಡಿಮೆ ಹಾಕಿಸಿಕೊಳ್ಳಿರಿ. ಅಲ್ಲಿನ ಹವೆಗೆ ರೊಟ್ಟಿ ಮೆತ್ತಗಾಗುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಲು ಅಜ್ಜಿಗೆ ಹೇಳಿರಿ. ಕೇಕಿನ ಡಬ್ಬಿ ಅವರಲ್ಲಿ ಇದ್ದೇ ಇದೆಯಲ್ಲ.